ಮೂರನೇ ರಾತ್ರಿ ಸೀಳಿದ ಗಾಜು

ಪ್ರಶ್ನೆ: ನಮಸ್ಕಾರ ಸರ್. ನಾನು ಇಳಕಲ್ಲಿನವಳು, ವಯಸ್ಸು 31. ಅಪ್ಪ ಇವತ್ತಿಗೂ ಕೈಮಗ್ಗದ ಮೇಲೆ ಸೀರೆ ನೇಯುತ್ತಾರೆ. ನಾನು ಚಿತ್ರಕಲೆ ಓದಿ, ಆರು ವರ್ಷದಿಂದ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಬಾಗಲಕೋಟೆಯ ಸೋದರಮಾವನ ಗ್ಲಾಸ್ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತಿದ್ದೆ. ತುಂಡು ಗಾಜು ಹಾಕುವ ಡಬ್ಬಿಯ ಮೇಲೆ ಸಂಜೆ ಬಿಸಿಲು ಬಿದ್ದು ಎದುರಿನ ಗೋಡೆಯ ಮೇಲೆ ಹಸಿರು ಗೆರೆಗಳು ಮೂಡಿದವು. ಆವತ್ತಿನಿಂದ ಕ್ಯಾನ್ವಾಸ್ ಮುಂದೆ ಕೂತರೂ ಮನಸ್ಸು ಗಾಜಿನ ಕಡೆಗೇ ಓಡುತ್ತದೆ. ಕಳೆದ ತಿಂಗಳು ಪರಿಚಯದ ಪತ್ತಾರರ ಸಣ್ಣ ಕರೆಂಟ್ ಭಟ್ಟಿಯಲ್ಲಿ, ಗ್ರಾನೈಟ್ ತುಂಡಿನ ಮೇಲೆ ಕಿಟಕಿ ಗಾಜಿಟ್ಟು, ಅದರ ಮೇಲೆ ಹಸಿರು ಬಳೆಚೂರು ಜೋಡಿಸಿ ಕರಗಿಸಿದೆ. ಎಷ್ಟು ಚಂದ ಬಂತೆಂದರೆ ಅಪ್ಪ ಮಗ್ಗ ನಿಲ್ಲಿಸಿ ಎದ್ದುಬಂದು ನೋಡಿದರು. ಮೂರನೇ ರಾತ್ರಿ, ಯಾರೂ ಮುಟ್ಟದೆ, ಕಪಾಟಿನಲ್ಲಿದ್ದ ಹಾಗೇ ‘ಟಿಕ್’ ಅಂತ ಸೀಳಿತು. ಅವ್ವ ‘ಮನ್ಯಾಗ ಗಾಜು ಒಡೀಬಾರ್ದು, ಬಿಟ್ಟುಬಿಡು’ ಅನ್ನುತ್ತಾಳೆ. ಗಾಜಿನ ಪುಡಿಯಿಂದ ಪುಪ್ಪುಸ ಹೋಗುತ್ತದೆ ಅಂತ ಅಣ್ಣ. ಇದು ಸಣ್ಣಂದಿನಿಂದ ಕಲಿಯಬೇಕಾದ ವಿದ್ಯೆ, ಈಗ ಬರುವುದಿಲ್ಲ ಅಂತ ಮಾವ. ನಾನು ಮಾತ್ರ ನನ್ನ ನಾಲ್ಕು ತೊಲೆ ಬಂಗಾರ ಮಾರಿ ಭಟ್ಟಿ ತರೋಣ, ನೌಕರಿ ಬಿಡೋಣ ಅಂತ ಲೆಕ್ಕ ಹಾಕುತ್ತಿದ್ದೇನೆ. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದು ಇದ್ದರೂ ಚಿಂತೆ ಒಂದೇ. ಮೊದಲ ಕೆಲಸವೇ ಕೈ ಮುಟ್ಟದೆ ಒಡೆಯಿತಲ್ಲ, ಗಾಜು ನನಗೆ ಒಲಿಯುತ್ತದೋ ಇಲ್ಲವೋ ಅನ್ನುವ ಚಿಂತೆ ಅದು. ಬಂಗಾರ, ನೌಕರಿ, ವಯಸ್ಸಿನ ಮಾತು ಆಮೇಲೆ. ಮೊದಲು ನೀವು ಕರಗಿಸಿದ ಆ ಗಾಜಿನ ತಟ್ಟೆ ಯಾಕೆ ಸೀಳಿತು ಅಂತ ನೋಡೋಣ. ಅದರಲ್ಲಿ ನಿಮ್ಮ ಮಿಕ್ಕ ಪ್ರಶ್ನೆಗಳಿಗೂ ಅರ್ಧ ಉತ್ತರ ಇದೆ.

ಅದು ಮೂರನೇ ರಾತ್ರಿ ಒಡೆದದ್ದಲ್ಲ. ನೀವು ಭಟ್ಟಿ ಬಾಗಿಲು ತೆರೆದ ದಿನವೇ ಒಡೆಯಲು ತಯಾರಾಗಿತ್ತು, ಸೀಳಲು ಮೂರು ದಿನ ಹಿಡಿಯಿತು ಅಷ್ಟೆ. ಬಿಸಿ ಗಾಜನ್ನು ಬೇಗ ಆರಿಸಿದರೆ ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಬಿಸಿ ಇರುತ್ತದೆ. ಆಮೇಲೆ ಒಳಗಿನದು ಆರುತ್ತ ಕುಗ್ಗಲು ಹೋದಾಗ ಗಟ್ಟಿಯಾದ ಹೊರಪದರ ಬಿಡುವುದಿಲ್ಲ. ಒಳಗೆ ಎಳೆತ, ಹೊರಗೆ ಒತ್ತಡ, ಆ ಜಗ್ಗಾಟ ಗಾಜಿನೊಳಗೇ ಸಿಕ್ಕಿಕೊಂಡು ಕೂರುತ್ತದೆ. ಕಣ್ಣಿಗೆ ಏನೂ ಕಾಣದು. ಮುಂದೊಂದು ದಿನ ರಾತ್ರಿಯ ತಂಪಿಗೋ, ಅಂಚಿನ ಕೂದಲೆಳೆಯಷ್ಟು ಗೀರಿನಿಂದಲೋ ಅದಕ್ಕೆ ದಾರಿ ಸಿಗುತ್ತದೆ. ಅದಕ್ಕೇ ಗಾಜನ್ನು ಒಂದು ಹದದಲ್ಲಿ ನಿಲ್ಲಿಸಿ, ನಿಧಾನವಾಗಿ ಆರಿಸಬೇಕು. ಕಾರ್ಖಾನೆಯಲ್ಲಿ ಇದನ್ನು ಅನೀಲಿಂಗ್ ಅನ್ನುತ್ತಾರೆ. ಕಿಟಕಿ ಗಾಜಿಗೆ ಆ ಹದ ಸುಮಾರು 540ರಿಂದ 550 ಡಿಗ್ರಿ. ಅಲ್ಲಿ ಗಾಜು ನೋಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಒಳಗಿನ ಎಳೆತ ಸಡಿಲಾಗುತ್ತದೆ. ಪತ್ತಾರರ ಭಟ್ಟಿ ಅಚ್ಚಿನ ಮೇಣ ಸುಡಲು, ಅಚ್ಚು ಕಾಯಿಸಲು ಇರುವಂಥದ್ದು, ಅವರಿಗೆ ಹೀಗೆ ನಿಧಾನವಾಗಿ ಶಾಖ ಇಳಿಸುವುದು ಬೇಕಿಲ್ಲ. ಸ್ವಿಚ್ ಆರಿಸಿ, ಅರ್ಧ ಗಂಟೆಗೆ ಬಾಗಿಲು ಸಂದಿ ಮಾಡಿ ನೋಡಿರುತ್ತೀರಿ. ನಾನೂ ಎಷ್ಟೋ ಸಲ ಹಾಗೆ ನೋಡಿ ಕೆಲಸ ಕೆಡಿಸಿಕೊಂಡಿದ್ದೇನೆ.

ಎರಡನೇ ಕಾರಣ ಬಳೆಚೂರು. ನಿಮ್ಮ ಮನೆಯ ಮಗ್ಗದ ಮಾತಿನಲ್ಲೇ ಹೇಳುತ್ತೇನೆ. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದಾದರೆ, ಸೆರಗಿನದು ರೇಷ್ಮೆ. ಎರಡರ ಸ್ವಭಾವ ಬೇರೆ, ಆದರೂ ಕೊಂಡಿ ಹಾಕಿ ಎಳೆಗೆ ಎಳೆ ಸಿಕ್ಕಿಸುವುದರಿಂದ ಸೀರೆ ತಲೆಮಾರು ಬಾಳುತ್ತದೆ. ಕೊಂಡಿಗೆ ಸರಿದಾಡಲು ಜಾಗ ಇದೆ. ಕರಗಿ ಬೆಸೆದ ಗಾಜಿಗೆ ಆ ಜಾಗ ಇಲ್ಲ. ಒಂದೊಂದು ಗಾಜು ಕಾಯ್ದಾಗ ಹಿಗ್ಗುವ, ಆರಿದಾಗ ಕುಗ್ಗುವ ಪ್ರಮಾಣ ಒಂದೊಂದು. ಕಿಟಕಿ ಗಾಜು ಪ್ರತಿ ಡಿಗ್ರಿಗೆ ತನ್ನ ಉದ್ದದ ಕೋಟಿಯಲ್ಲಿ ಸುಮಾರು 90 ಪಾಲು ಹಿಗ್ಗಿದರೆ, ಪ್ರಯೋಗಶಾಲೆಯ ಬೋರೊಸಿಲಿಕೇಟ್ ಗಾಜು 33 ಪಾಲು ಮಾತ್ರ ಹಿಗ್ಗುತ್ತದೆ. ಬಳೆ ಗಾಜು ಕಿಟಕಿ ಗಾಜಿನ ಜಾತಿಯದೇ ಆದರೂ ಬಣ್ಣಕ್ಕೆ, ಬೇಗ ಕರಗಲಿ ಅನ್ನುವುದಕ್ಕೆ ಬೆರೆಸುವ ಸಾಮಾನು ಬೇರೆ, ಭಟ್ಟಿಯಿಂದ ಭಟ್ಟಿಗೆ ಪಾಕವೂ ಬೇರೆ. ಅಂದಮೇಲೆ ಬಳೆ ಮತ್ತು ಕಿಟಕಿ ಗಾಜು ಎಷ್ಟೇ ನಿಧಾನವಾಗಿ ಆರಿಸಿದರೂ ಜಗಳ ಆಡಬಹುದು. ಇದಕ್ಕೆ ಅನೀಲಿಂಗ್ ಮದ್ದಲ್ಲ. ಇನ್ನು ಮೇಲೆ ಒಂದು ಕೆಲಸಕ್ಕೆ ಒಂದೇ ಹಾಳೆಯ ಗಾಜು ಬಳಸಿ, ಇಲ್ಲವೇ ಒಂದಕ್ಕೊಂದು ಹೊಂದುತ್ತದೆ ಅಂತ ಪರೀಕ್ಷಿಸಿ ಮಾರುವ ಬಣ್ಣದ ಗಾಜನ್ನೇ ತನ್ನಿ.

ಮೂರನೆಯದು ಗ್ರಾನೈಟ್. ನಿಮ್ಮೂರ ಕೆಂಪು ಕಲ್ಲಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಭಟ್ಟಿಯೊಳಗೆ ಇಡಬೇಡಿ. ಗ್ರಾನೈಟಿನಲ್ಲಿ ಕ್ವಾರ್ಟ್ಜ್ ಹರಳು ಇದೆ, ಅದು 573 ಡಿಗ್ರಿಗೆ ತನ್ನ ಒಳರಚನೆ ಬದಲಿಸಿ ಥಟ್ಟನೆ ಹಿಗ್ಗುತ್ತದೆ. ಕಲ್ಲು ಚಕ್ಕೆ ಎದ್ದು ಸಿಡಿಯಬಹುದು. ಈ ಸಲ ಚಕ್ಕೆ ಸಿಡಿದು ಕಣ್ಣಿಗೆ ತಾಗದೆ ಉಳಿದದ್ದು ಪುಣ್ಯ. ಭಟ್ಟಿ ಹಲಗೆ ಅಂತಲೇ ಬೇರೆ ಸಿಗುತ್ತದೆ, ಅದರ ಮೇಲೆ ಅಲ್ಯೂಮಿನಾ ಮತ್ತು ಬಿಳಿ ಜೇಡಿಯ ತೆಳು ಲೇಪ ಬಳಿದು ಒಣಗಿಸಬೇಕು. ಇಲ್ಲದಿದ್ದರೆ ಗಾಜು ಹಲಗೆಗೇ ಅಂಟುತ್ತದೆ.

ಗಾಜಿನೊಳಗಿನ ಜಗ್ಗಾಟ ಬರಿಗಣ್ಣಿಗೆ ಕಾಣದು ಅಂದೆ. ಕಾಣುವ ಹಾಗೆ ಮಾಡಬಹುದು, ಅದೂ ಮನೆಯಲ್ಲೇ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಪೋಲರಾಯ್ಡ್ ತಂಪು ಕನ್ನಡಕ ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ಅದನ್ನು ನಿಧಾನ ತಿರುಗಿಸಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ನಿಮ್ಮ ಗಾಜಿನ ತುಂಡು ಹಿಡಿಯಿರಿ, ಹಿಡಿದಲ್ಲೇ ಸ್ವಲ್ಪ ತಿರುಗಿಸಿ. ಒಳಗೆ ಎಳೆತ ಇಲ್ಲದ ಗಾಜು ಎಲ್ಲ ಕಡೆ ಕಪ್ಪಾಗಿಯೇ ಇರುತ್ತದೆ. ಎಳೆತ ಇದ್ದಲ್ಲಿ ಬೆಳಕು ಬೆಳ್ಳಗೆ ಹೊಗೆಯಂತೆ ಮೂಡುತ್ತದೆ, ಜೋರಿದ್ದರೆ ಕಾಮನಬಿಲ್ಲಿನ ಬಣ್ಣವೇ ಕಾಣುತ್ತದೆ. ಬಳೆಚೂರಿನ ಸುತ್ತ ಬೆಳಕಿನ ಬಳೆಯೊಂದು ಕಂಡರೆ ಎರಡು ಗಾಜುಗಳಿಗೆ ಹೊಂದಾಣಿಕೆ ಇಲ್ಲ ಅಂತ ತಿಳಿಯಿರಿ. ಸೀಳಿದ ತುಂಡಿನಲ್ಲಿ ಎಳೆತ ಅಷ್ಟಿಷ್ಟು ಬಿಟ್ಟುಹೋಗಿರುತ್ತದೆ, ಆದರೂ ಗುರುತು ಉಳಿದಿರುತ್ತದೆ. ನಾನು ಇವತ್ತಿಗೂ ಭಟ್ಟಿಯಿಂದ ತೆಗೆದ ಪ್ರತಿ ತುಂಡನ್ನು ಹೀಗೆ ನೋಡದೆ ಯಾರ ಕೈಗೂ ಕೊಡುವುದಿಲ್ಲ. ನಿಮ್ಮ ಮಾವನ ಅಂಗಡಿಯಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಟಫನ್ ಗಾಜನ್ನು, ಅಂದರೆ ಕಾಯಿಸಿ ಥಟ್ಟನೆ ಆರಿಸಿ ಬಲಪಡಿಸಿದ ಗಾಜನ್ನು, ಹೀಗೆ ನೋಡಿದರೆ ಮೈಯೆಲ್ಲ ಪಟ್ಟೆ, ಚುಕ್ಕೆ. ಅದರಲ್ಲಿ ಎಳೆತವನ್ನು ಬೇಕೆಂತಲೇ ಕೂಡಿಸಿರುತ್ತಾರೆ, ಹಾಗಾಗಿ ಅದನ್ನು ಕತ್ತರಿಸಲು ಬರುವುದಿಲ್ಲ, ಗೀರಿ ಸೀಳಲು ಹೋದರೆ ಕಾಳುಕಾಳಾಗಿ ಉದುರುತ್ತದೆ.

ಈಗ ಮನೆಯವರ ಮಾತು. ಅವ್ವನ ಹೆದರಿಕೆಯನ್ನು ತಳ್ಳಿಹಾಕಬೇಡಿ. ನಮ್ಮಜ್ಜಿ ಕೈಬಳೆ ಚೂರಾದರೆ ಒಡೆಯಿತು ಅನ್ನುತ್ತಿರಲಿಲ್ಲ, ‘ಬಳಿ ಹೆಚ್ಚಾತು’ ಅನ್ನುತ್ತಿದ್ದಳು. ಗಾಜು ಒಡೆಯುವುದು ನಮ್ಮ ಹೆಣ್ಣುಮಕ್ಕಳಿಗೆ ಬರೀ ಸಾಮಾನಿನ ಮಾತಲ್ಲ. ವಾದ ಮಾಡಿ ಗೆಲ್ಲುವುದಕ್ಕಿಂತ, ಗಾಜಿನ ಕೆಲಸವನ್ನು ಅಡುಗೆಮನೆ, ಪಡಸಾಲೆಯಿಂದ ಹೊರಗಿಟ್ಟು ಮಾಡಿ. ಚೂರು ಹಾಕಲು ಮುಚ್ಚಳದ ಡಬ್ಬಿ ಇರಲಿ. ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ ಇದು ಶಕುನಕ್ಕಿಂತ ದೊಡ್ಡ ವಿಷಯ.

ಅಣ್ಣನ ಮಾತು ಅರ್ಧ ಸರಿ. ಕಲ್ಲು ಕಡಿಯುವವರಿಗೆ ಬರುವ ಪುಪ್ಪುಸದ ರೋಗಕ್ಕೆ ಹರಳು ರೂಪದ ಸಿಲಿಕಾ ಕಾರಣ. ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ, ನಿಮ್ಮೂರ ಗ್ರಾನೈಟಿನಲ್ಲಿ ಅದು ಇದೆ. ಗಾಜೂ ಸಿಲಿಕಾದಿಂದಲೇ ಆದದ್ದು, ಆದರೆ ಕರಗಿ ಆರಿದಾಗ ಹರಳುಗಟ್ಟದೆ ಉಳಿಯುತ್ತದೆ, ಹಾಗಾಗಿ ಅದರ ಪುಡಿಯಿಂದ ಅದೇ ರೋಗ ಬರುತ್ತದೆ ಅನ್ನುವುದು ತಪ್ಪು. ಹಾಗಂತ ಉಸಿರಾಡುವ ವಸ್ತುವೂ ಅಲ್ಲ. ಗಂಟಲು, ಕಣ್ಣು ಎರಡಕ್ಕೂ ಕೇಡು. ಅಂಚು ಉಜ್ಜುವಾಗ ಯಾವಾಗಲೂ ನೀರು ಬಿಟ್ಟುಕೊಂಡು ಉಜ್ಜಿ, ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ನಿಜವಾದ ಅಪಾಯ ಜನ ಗಮನಿಸದ ಕಡೆ ಇದೆ. ಅಚ್ಚಿಗೆ ಪ್ಲಾಸ್ಟರ್ ಜೊತೆ ಬೆರೆಸುವ ಸಿಲಿಕಾ ಪುಡಿ, ಭಟ್ಟಿಯೊಳಗಿನ ಸೆರಾಮಿಕ್ ಉಣ್ಣೆ, ಹಲಗೆಯಿಂದ ಕೆರೆದು ತೆಗೆಯುವ ಹಳೆಯ ಲೇಪ. ಇವನ್ನು ಮುಟ್ಟುವಾಗ ಮೂಗಿಗೆ ಬಟ್ಟೆ ಸಾಲದು, ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಬೇಕೇ ಬೇಕು.

ಮಾವನ ಮಾತಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತು. ಸಾದಾ ಗಾಜಿನ ಬಳೆಯೊಂದನ್ನು ಬೆರಳಲ್ಲಿ ಸುತ್ತ ಸವರಿ ನೋಡಿ, ಒಂದು ಕಡೆ ಸಣ್ಣ ಗಂಟು ಸಿಗುತ್ತದೆ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಭಟ್ಟಿಯಿಂದ ಸುರುಳಿಯಾಗಿ ಎಳೆದ ಗಾಜನ್ನು ಕತ್ತರಿಸಿ, ಎರಡು ತುದಿಯನ್ನು ಉರಿಯ ಮೇಲೆ ಬೆಸೆದ ಜಾಗ ಅದು. ಆ ಬೆಸುಗೆ ಮನೆಮನೆಗಳಲ್ಲಿ ನಡೆಯುತ್ತದೆ, ಹೆಚ್ಚಾಗಿ ಹೆಂಗಸರು ಮಾಡುತ್ತಾರೆ, ಮಕ್ಕಳೂ ನೋಡುತ್ತ ಕಲಿಯುತ್ತಾರೆ. ನಿಮ್ಮ ಮನೆಯಲ್ಲಿ ಮಗ್ಗ ಹೇಗೋ ಅಲ್ಲಿ ಅದು ಹಾಗೆ. ಆದರೆ ಗಾಜು ಅಂದರೆ ಅದೊಂದೇ ದಾರಿ ಅಲ್ಲ. ಒಬ್ಬ ಕಲಾವಿದ ಕಾರ್ಖಾನೆಯ ಹೊರಗೆ ಸಣ್ಣ ಭಟ್ಟಿಯಲ್ಲಿ ತಾನೇ ಗಾಜು ಕರಗಿಸಿ ಕೆಲಸ ಮಾಡಬಹುದು ಅನ್ನುವುದನ್ನು ಅಮೆರಿಕದ ಟೊಲಿಡೋದಲ್ಲಿ 1962ರಲ್ಲಿ ತೋರಿಸಿದ ಹಾರ್ವಿ ಲಿಟಲ್‌ಟನ್ ವೃತ್ತಿಯಲ್ಲಿ ಕುಂಬಾರಿಕೆ ಮೇಷ್ಟ್ರು. ಆಗ ಅವರಿಗೆ 39 ವರ್ಷ. ಮೊದಲ ಸಲ ಬೆರೆಸಿದ ಪಾಕ ಹದಕ್ಕೆ ಬರಲೇ ಇಲ್ಲ. ಗಾಜುನಾರಿನ ಕಾರ್ಖಾನೆಯಲ್ಲಿದ್ದ ಡೊಮಿನಿಕ್ ಲಬಿನೊ, ನಾರು ಎಳೆಯಲೆಂದು ತಯಾರಾದ ಗಾಜಿನ ಗೋಲಿಗಳನ್ನು ಕೊಟ್ಟರು, ಅವನ್ನು ಕರಗಿಸಿದ ಮೇಲೆ ಕೆಲಸ ನಡೆಯಿತು. ಗಾಜಿಗೆ ಜಗತ್ತಿನಲ್ಲೇ ಹೆಸರಾದ ಡೇಲ್ ಚಿಹುಲಿ ವಿದ್ಯಾರ್ಥಿಯಾಗಿದ್ದಾಗ ನೇಯ್ಗೆಯಲ್ಲಿ ಗಾಜಿನ ಚೂರು ಸೇರಿಸುತ್ತ ಈ ಕಡೆ ಬಂದವರು. ನೇಕಾರರ ಮನೆಯ ಮಗಳಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. 1976ರಲ್ಲಿ ಕಾರು ಅಪಘಾತದಲ್ಲಿ ಅವರ ಎಡಗಣ್ಣು ಹೋಯಿತು, 1979ರಲ್ಲಿ ಭುಜಕ್ಕೆ ಪೆಟ್ಟಾಗಿ ಊದುವ ಕೊಳವೆಯನ್ನೂ ಬಿಡಬೇಕಾಯಿತು. ಅಲ್ಲಿಂದ ಮುಂದೆ ಚಿತ್ರ ಬರೆದು ತೋರಿಸಿ ತಂಡದಿಂದ ಮಾಡಿಸಿದರು.

ನಾನೂ ಎಳೆತನದಲ್ಲಿ ಕಲಿತವನಲ್ಲ. ಬೆಳಗಾವಿಯಲ್ಲಿ ಬೋರ್ಡ್ ಬರೆಯುತ್ತಿದ್ದೆ. 28ನೇ ವಯಸ್ಸಿನಲ್ಲಿ ಒಂದು ಕಾಲೇಜಿನ ಬಾಗಿಲುಗಳ ಮೇಲೆ ಹೆಸರು ಬರೆಯಲು ಹೋದಾಗ, ರಸಾಯನಶಾಸ್ತ್ರದ ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ ಒಬ್ಬ ಹಿರಿಯರು ಮುರಿದ ಗಾಜಿನ ಕೊಳವೆಯನ್ನು ಉರಿಯಲ್ಲಿ ತಿರುಗಿಸುತ್ತ ಕೂತಿದ್ದರು. ಉರಿ ತಾಗಿದಲ್ಲಿ ಗಾಜು ಮೊದಲು ಕೆಂಪಾಯಿತು, ಆಮೇಲೆ ಗಾಣದ ಮನೆಯಲ್ಲಿ ಬೆಲ್ಲದ ಪಾಕ ಎಳೆ ಬರುತ್ತದಲ್ಲ, ಹಾಗೆ ಜೋತುಬಿತ್ತು. ಅವರು ಕೈ ತಿರುಗಿಸುವುದನ್ನು ನಿಲ್ಲಿಸಲೇ ಇಲ್ಲ. ಒಂದು ಸಲ ಊದಿದರು, ಬಿರುಕಿದ್ದ ಜಾಗ ಎಲ್ಲಿತ್ತು ಅಂತಲೇ ತಿಳಿಯದ ಹಾಗೆ ಕೂಡಿತು. ನನ್ನ ಕುಂಚದ ಬಣ್ಣ ಒಣಗಿಹೋಗಿತ್ತು. ಆಮೇಲೆ ನಾಲ್ಕು ವರ್ಷ, ಬೆಳಗ್ಗೆ ಬೋರ್ಡ್ ಕೆಲಸ, ಮಧ್ಯಾಹ್ನ ಅವರ ಪಕ್ಕದ ಸ್ಟೂಲು. ಮೊದಲ ಆರು ತಿಂಗಳು ಕೊಳವೆಯನ್ನು ಎರಡು ಕೈಯಲ್ಲಿ ಒಂದೇ ವೇಗದಲ್ಲಿ ತಿರುಗಿಸುವುದು, ಅಷ್ಟೇ ಕೆಲಸ. ಬೋರ್ಡ್ ಬರೆಯುವುದನ್ನು ನಾನು ಬಿಟ್ಟದ್ದು ಗಾಜಿನ ದುಡ್ಡಲ್ಲಿ ಎರಡು ಮಳೆಗಾಲ ಕಳೆದ ಮೇಲೆ.

ಹಾಗಾಗಿ ನೌಕರಿ ಬಿಡಬೇಡಿ, ಬಂಗಾರ ಮಾರಬೇಡಿ. ಹೆದರಿಸಲು ಹೇಳುತ್ತಿಲ್ಲ. ಯಾವ ಬಗೆಯ ಗಾಜು ನಿಮ್ಮದು ಅಂತ ನಿಮಗಿನ್ನೂ ಗೊತ್ತಿಲ್ಲ, ಅದು ಗೊತ್ತಾಗದೆ ಕೊಂಡ ಭಟ್ಟಿ ಮೂಲೆ ಸೇರುತ್ತದೆ. ನಾನೇ ಅಂಥ ಎರಡು ಭಟ್ಟಿಗಳನ್ನು ಹಳೆಯ ಸಾಮಾನಿನ ಬೆಲೆಗೆ ಕೊಂಡಿದ್ದೇನೆ, ಮಾರಿದವರ ಮುಖ ನೆನಪಿದೆ.

ಮೊದಲ ವರ್ಷ ಭಟ್ಟಿಯೇ ಬೇಡದ ಕೆಲಸ ಮಾಡಿ. ಗಾಜು ಕತ್ತರಿಸಿ, ತುಂಡಿನ ಅಂಚಿಗೆ ತಾಮ್ರದ ತೆಳು ಪಟ್ಟಿ ಅಂಟಿಸಿ, ಬೆಸುಗೆ ಹಾಕಿ ಜೋಡಿಸುವುದು. ಇಲ್ಲಿ ಗಾಜು ಕರಗುವುದಿಲ್ಲ, ಆದ್ದರಿಂದ ಬಳೆಚೂರು, ಕಿಟಕಿ ಗಾಜು, ಡಿಸೈನ್ ಗಾಜು ಎಲ್ಲ ಒಂದೇ ಪಂಕ್ತಿಯಲ್ಲಿ ಕೂರಬಹುದು, ಜಗಳವಿಲ್ಲ. ನಿಮ್ಮ ಕೊಂಡಿಯ ಕೆಲಸವೇ ಇದು. ಮಾವನ ಅಂಗಡಿಯ ಡೈಮಂಡ್ ಕಟರ್ ಸಾಕು. ನೆನಪಿಡಿ, ಕಟರ್ ಗಾಜನ್ನು ಕತ್ತರಿಸುವುದಿಲ್ಲ, ಗೀರುತ್ತದೆ, ಸೀಳುವುದು ನಿಮ್ಮ ಕೈ. ಒಂದೇ ಒತ್ತಡ, ಒಂದೇ ಸಲ, ಅಳತೆಪಟ್ಟಿಯ ಉದ್ದಕ್ಕೂ ಚಿರ್ ಅನ್ನುವ ಒಂದೇ ದನಿ. ಅದೇ ಗೀರಿನ ಮೇಲೆ ಎರಡನೇ ಸಲ ಎಳೆದರೆ ಕಟರ್ ಹಾಳು, ಸೀಳೂ ಸೊಟ್ಟ. ರೇಡಿಯೋ ರಿಪೇರಿಯ 25 ವ್ಯಾಟ್ ಬೆಸುಗೆ ಕಡ್ಡಿ ಇದಕ್ಕೆ ಸಾಲದು, 80ರಿಂದ 100 ವ್ಯಾಟಿನದು ಬೇಕು. ಬೆಸುಗೆ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಕಿಟಕಿ ತೆರೆದಿರಲಿ, ಕೆಲಸದ ಮೇಜಿನ ಮೇಲೆ ಚಹಾ ಲೋಟ ಇಡಬೇಡಿ, ಕೈಯನ್ನು ಸಾಬೂನಿಂದ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸೀಸವಿಲ್ಲದ ತಂತಿಯೂ ಸಿಗುತ್ತದೆ, ದುಬಾರಿ, ಹರಿಯುವುದು ಸ್ವಲ್ಪ ಮೊಂಡು.

ಕರಗಿಸುವ ಆಸೆ ಇದರಿಂದ ತೀರದಿದ್ದರೆ, ತೀರುವುದಿಲ್ಲ ಅಂತ ನನ್ನ ಊಹೆ, ಆಮೇಲೆ ಭಟ್ಟಿ. ಹೊಸದು ತರಿಸುವ ಮೊದಲು ಖಾನಾಪುರದ ಕಡೆ ಒಮ್ಮೆ ಬನ್ನಿ. ಕುಂಬಾರಿಕೆಗೆ ಹೆಸರಾದ ಊರು, ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಅಲ್ಲಿದೆ. ಬೆಂಕಿಯ ಜೊತೆ ದಿನವೂ ಮಾತಾಡುವ ಜನರ ನಡುವೆ ನಾಲ್ಕು ದಿನ ಇದ್ದರೆ ಭಟ್ಟಿ ಬಗ್ಗೆ ಕಲಿಯುವುದು ಬಹಳ. ಮಡಕೆಯ ಭಟ್ಟಿಯಲ್ಲಿ ಕಾಯಿಸುವ ತಂತಿ ಗೋಡೆಗಳಲ್ಲಿರುತ್ತದೆ. ಚಪ್ಪಟೆ ಗಾಜಿಗೆ ಮೇಲಿನಿಂದ ಶಾಖ ಬಂದರೆ ಒಳ್ಳೆಯದು, ಎಲ್ಲ ಕಡೆ ಸಮ ಕಾಯುತ್ತದೆ. ಇನ್ನೊಂದು ದಾರಿ, ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸುವುದು. ಫೌಂಡ್ರಿಗಳ ಊರಾದ್ದರಿಂದ ಭಟ್ಟಿ ಕಟ್ಟುವ ಕೈಗಳು ಇಲ್ಲಿವೆ. ಅವರಿಗೆ ಒಂದೇ ಮಾತು ಒತ್ತಿ ಹೇಳಿ: ಬರೀ ಏರಿಸುವ ಕಂಟ್ರೋಲರ್ ಬೇಡ, ಹಂತಹಂತವಾಗಿ ಏರಿಸಿ, ನಿಲ್ಲಿಸಿ, ಇಳಿಸುವ ಕಂಟ್ರೋಲರ್ ಬೇಕು. ಭಟ್ಟಿಯಲ್ಲಿ ದುಡ್ಡು ಉಳಿಸುವುದಾದರೆ ಅದರ ಹೊರಡಬ್ಬಿಯಲ್ಲಿ ಉಳಿಸಿ, ಕಂಟ್ರೋಲರಿನಲ್ಲಿ ಉಳಿಸಬೇಡಿ.

ಒಂದೇ ಹಾಳೆಯಿಂದ ಕತ್ತರಿಸಿದ 4 ಮಿಲಿಮೀಟರ್ ಕಿಟಕಿ ಗಾಜಿನ ಎರಡು ಪದರಕ್ಕೆ ನಾನು ಇಡುವ ಲೆಕ್ಕ ಇದು. ಗಂಟೆಗೆ 150 ಡಿಗ್ರಿಯಂತೆ 650ರ ತನಕ ಏರಿಸಿ ಅರ್ಧ ಗಂಟೆ ನಿಲ್ಲಿಸುವುದು. ಅಲ್ಲಿಂದ 830ಕ್ಕೆ ಏರಿಸಿ ಹತ್ತು-ಹದಿನೈದು ನಿಮಿಷ. ಆಮೇಲೆ 545ಕ್ಕೆ ಬಂದು ಒಂದು ಗಂಟೆ, ಅಲ್ಲಿಂದ ಗಂಟೆಗೆ 60ರಂತೆ 370ರ ತನಕ ಇಳಿಸಿ ಸ್ವಿಚ್ ಆರಿಸುವುದು. ಭಟ್ಟಿಯಿಂದ ಭಟ್ಟಿಗೆ ಇದು ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಆಗುತ್ತದೆ, ನಿಮ್ಮದರ ಗುಣ ನೀವೇ ಬರೆದಿಟ್ಟುಕೊಳ್ಳಬೇಕು. ಕರೆಂಟಿನ ಚಿಂತೆಯೂ ಇರಲಿ. 3 ಕಿಲೋವ್ಯಾಟ್ ಭಟ್ಟಿ ಸುಮಾರು 13 ಆಂಪಿಯರ್ ಎಳೆಯುತ್ತದೆ, ಗಂಟೆಗಟ್ಟಲೆ. ಮನೆಯ ಮಂಜೂರಾದ ಲೋಡ್ ನೋಡಿ, ಅದಕ್ಕೇ ಬೇರೆ ವೈರು, ಬೇರೆ ಎಂಸಿಬಿ ಹಾಕಿಸಿ. ನಡುವೆ ಕರೆಂಟ್ ಹೋದರೆ ಗಾಬರಿಯಾಗಿ ಬಾಗಿಲು ತೆಗೆಯಬೇಡಿ. ಮುಚ್ಚಿದ ಭಟ್ಟಿ ತನ್ನಷ್ಟಕ್ಕೆ ನಿಧಾನ ಆರುತ್ತದೆ, ಕರೆಂಟ್ ಬಂದ ಮೇಲೆ ಮತ್ತೆ ನಿಧಾನವಾಗಿ 545ಕ್ಕೆ ಒಯ್ದು ಇಳಿಸಿದರೆ ಹೆಚ್ಚಿನ ಸಲ ಗಾಜು ಉಳಿಯುತ್ತದೆ.

ಉರಿಯ ಮುಂದೆ ಕೂತು ಮಣಿ, ಸಣ್ಣ ಆಕಾರ ಮಾಡುವ ಕೆಲಸವನ್ನು ವಿಡಿಯೊ ನೋಡಿ ಮನೆಯಲ್ಲಿ ಶುರು ಮಾಡಬೇಡಿ. ಗ್ಯಾಸ್ ಮತ್ತು ಆಕ್ಸಿಜನ್ ಸಿಲಿಂಡರ್ ಎರಡೂ ಇರುವ ಜಾಗದಲ್ಲಿ, ಉರಿ ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವ್ ಇಲ್ಲದೆ ಒಂದು ನಿಮಿಷವೂ ಕೂರಬಾರದು. ಆಕ್ಸಿಜನ್ ಪೈಪಿಗೆ ಎಣ್ಣೆ ಕೈ ತಾಗಬಾರದು. ನೈಲಾನ್ ಸೀರೆ, ದುಪಟ್ಟಾ ಬೇಡ, ಹತ್ತಿಯದೇ ಇರಲಿ. ಗಾಜು ಕಾಯುವಾಗ ಏಳುವ ಹಳದಿ ಬೆಳಕಿಗೆ ಡಿಡಿಮಿಯಂ ಕನ್ನಡಕ ಅಂತಲೇ ಬೇರೆ ಇದೆ, ತಂಪು ಕನ್ನಡಕ ಅದರ ಬದಲಿ ಅಲ್ಲ. ಇದನ್ನು ಗುರುವಿನ ಪಕ್ಕದಲ್ಲೇ ಕಲಿಯಬೇಕು. ಫಿರೋಜಾಬಾದಿನಲ್ಲಿ ಗಾಜು ಉದ್ಯಮ ಅಭಿವೃದ್ಧಿ ಕೇಂದ್ರ ಇದೆ, ಬೇಸಿಗೆ ರಜೆಗೆ ಮುಂಚೆ ಅವರಿಗೆ ಬರೆದು ಆ ಹೊತ್ತಿಗೆ ಏನು ತರಬೇತಿ ಇದೆ ಅಂತ ಕೇಳಿ. ಇನ್ನು ದೊಡ್ಡ ಕುಲುಮೆಯಿಂದ ಗಾಜು ತೆಗೆದು ಊದುವುದು, 1100 ಡಿಗ್ರಿಯಲ್ಲಿ ಹಗಲೂ ರಾತ್ರಿ ಉರಿಯುವ ಕುಲುಮೆ ಬೇಡುತ್ತದೆ. ಒಬ್ಬರ ಮನೆಯ ಕೆಲಸ ಅಲ್ಲ. ಅದನ್ನು ಸದ್ಯ ಮರೆತುಬಿಡಿ.

ಸಂಪಾದನೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನಗೆ ಅನ್ನ ಹಾಕಿದ್ದು ದೊಡ್ಡ ಕಲಾಕೃತಿಗಳಲ್ಲ. ಹಳೆಯ ಮನೆ, ಚರ್ಚುಗಳ ಬಣ್ಣದ ಕಿಟಕಿಗಳ ರಿಪೇರಿ, ಬಾಗಿಲ ಮೇಲಿನ ಅರೆವೃತ್ತದ ಗಾಜು, ಮನೆಯ ಹೆಸರಿನ ಫಲಕ. ನಿಮ್ಮಲ್ಲಿ ನನಗಿಲ್ಲದ್ದು ಒಂದಿದೆ. ಟೋಪ್ ತೆನಿ ಸೆರಗಿನ ಆ ಕೆಂಪು-ಬಿಳಿಯ ಲೆಕ್ಕ, ದಡಿಯ ಗೋಮಿ, ಚಿಕ್ಕಿ ವಿನ್ಯಾಸ, ಇವು ಹುಟ್ಟಿನಿಂದ ನಿಮ್ಮ ಕಣ್ಣಲ್ಲಿವೆ. ಎಲ್ಲವೂ ನೇರ ಗೆರೆ, ಮೆಟ್ಟಿಲು ಮೆಟ್ಟಿಲು. ಡೈಮಂಡ್ ಕಟರಿಗೆ ನೇರ ಗೆರೆಯಷ್ಟು ಸುಲಭವಾದದ್ದು ಬೇರೆ ಇಲ್ಲ, ಒಳಗೆ ಬಾಗುವ ಗೆರೆಯಷ್ಟು ಕಷ್ಟದ್ದೂ ಇಲ್ಲ. ಹೂವು, ನವಿಲು ಅಂತ ಶುರು ಮಾಡುವವರು ಮೊದಲ ತಿಂಗಳೇ ಸೋಲುತ್ತಾರೆ. ನೀವು ಒಂದು ಗೇಣು ಅಗಲದ ಟೋಪ್ ತೆನಿಯಿಂದ ಶುರು ಮಾಡಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆಯ ಲೆಕ್ಕ ಕೇಳಿ.

ಸೀಳಿದ ತಟ್ಟೆಯನ್ನು ಎಸೆದಿಲ್ಲ ಅಂತ ನಂಬುತ್ತೇನೆ. ಎರಡೂ ತುಂಡನ್ನು ಹೊಂದಿಸಿಟ್ಟು ಬಿರುಕಿನ ದಾರಿ ನೋಡಿ. ಬಳೆಚೂರಿನ ಅಂಚು ಹಿಡಿದೇ ಸುತ್ತಿ ಹೋಗಿದ್ದರೆ ಎರಡು ಗಾಜಿಗೆ ಹೊಂದಿಕೆಯಾಗಿಲ್ಲ. ಬಳೆಯನ್ನು ಲೆಕ್ಕಿಸದೆ ಅಡ್ಡಕ್ಕೆ ಹಾದು, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ್ದರೆ ಆರಿಸಿದ್ದು ಅವಸರವಾಗಿದೆ. ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು, ಕನ್ನಡಕದ ಮೂಲಕ ಒಂದು ಫೋಟೊ ತೆಗೆದು ಕಳಿಸಿ. ಎರಡೂ ಬಗೆಯ ಬಿರುಕು ಅದರಲ್ಲಿ ಸಿಕ್ಕರೂ ನನಗೆ ಆಶ್ಚರ್ಯವಿಲ್ಲ.